ತೋಪಿನಲ್ಲಿ ಕುದುರೆಗೆ ಎದುರಾಗಿ

ನಮ್ಮ ಮನೆಯ ಹತ್ತಿರದ ತೋಪಿನ ಗೇಟಿಗೆ 'ಉದ್ಯಾನವನ' ಎಂದು ಬೋರ್ಡು ಹಾಕಿದ್ದಾರೆ. ಅದು ಬೋರ್ಡು ಹಾಕಿದವರ ಸಂತೋಷ. ಸುತ್ತಲಿನ ಹಳೇ ಊರಿನವರು ಯಾರೂ ಅದನ್ನು ಹಾಗೆ ಕರೆದದ್ದನ್ನು ನಾನು ಕೇಳಿಲ್ಲ. ಅವರಿಗೆ ಅದು ಗುಂಡುತೋಪು. ಅವರ ಅಜ್ಜ ಮುತ್ತಜ್ಜಂದಿರು ನೆಟ್ಟು, ಇದು ಊರಿಗೆಲ್ಲ ಸೇರಿದ್ದು ಎಂದು ಬಿಟ್ಟುಹೋದ ಮರಗಳ ಜಾಗ. ಒಂದು ಕಡೆಯಿಂದ ಜೆ.ಪಿ. ನಗರ ಬಡಾವಣೆಯ ಫೇಸುಗಳು ಒಂದರ ಹಿಂದೊಂದು ಬಂದವು, ಇನ್ನೊಂದು ಕಡೆಯಿಂದ ಸುಬ್ರಹ್ಮಣ್ಯಪುರದ ಸೈಟುಗಳು ಬಂದವು. ನಡುವೆ ಈ ತೋಪು ಮಾತ್ರ ಯಾರ ಕೈಗೂ ಸಿಗದೆ ಉಳಿದುಕೊಂಡಿತು. ಹೇಗೆ ಉಳಿಯಿತು ಎಂಬುದು ನನಗೆ ಇವತ್ತಿಗೂ ಆಶ್ಚರ್ಯ.

ಒಳಗೆ ಕಾಲಿಟ್ಟರೆ ಮೊದಲು ಸಿಗುವುದು ನೆರಳು, ಆಮೇಲೆ ಒದ್ದೆ ಎಲೆಯ ವಾಸನೆ. ಹುಣಸೆ, ಹೊಂಗೆ, ನೇರಳೆ, ಹಲಸು, ಇಬ್ಬರು ಸೇರಿದರೂ ತಬ್ಬಲಾಗದ ಮಾವು. ನಟ್ಟನಡುವೆ ಒಂದು ಅರಳಿಕಟ್ಟೆ, ಅದರ ಮೇಲೆ ಕುಂಕುಮ ಮೆತ್ತಿದ ಮುನೇಶ್ವರನ ಕಲ್ಲು, ಕಲ್ಲಿನ ಮುಂದೆ ಹರಕೆ ಹೊತ್ತವರು ತಂದಿಟ್ಟ ಮಣ್ಣಿನ ಕುದುರೆಗಳು. ಕೆಲವಕ್ಕೆ ಕಿವಿಯಿಲ್ಲ, ಕೆಲವಕ್ಕೆ ಕಾಲಿಲ್ಲ. ಈ ಕಟ್ಟೆಯನ್ನು ನಡುವೆ ಇಟ್ಟುಕೊಂಡು, ಮರಗಳ ಸಂದಿಯಲ್ಲಿ ನುಸುಳಿ, ಒಂದು ಮಣ್ಣಿನ ದಾರಿ ದುಂಡಗೆ ಸುತ್ತಿ ಬರುತ್ತದೆ. ನೇರಳೆ ಹಣ್ಣಿನ ಕಾಲದಲ್ಲಿ ಆ ದಾರಿ ನೀಲಿಯಾಗುತ್ತದೆ, ಹೊಂಗೆ ಹೂ ಉದುರುವಾಗ ಅಕ್ಕಿ ಚೆಲ್ಲಿದ ಹಾಗೆ ಕಾಣುತ್ತದೆ.

ಬಸವನಗುಡಿಯಲ್ಲಿ ಹುಟ್ಟಿ, ಜಯನಗರದ ಬ್ಯಾಂಕೊಂದರಲ್ಲಿ ಕೂತು ತಲೆ ಬೆಳ್ಳಗೆ ಮಾಡಿಕೊಂಡ ನನಗೆ ಪಾರ್ಕುಗಳು ಹೊಸವಲ್ಲ. ಆದರೆ ಟೈಲ್ಸ್ ಹಾಕಿ, ಹಳದಿ ನೀಲಿ ಬಣ್ಣದ ವ್ಯಾಯಾಮದ ಯಂತ್ರ ನೆಟ್ಟು, ಕಂಬಕ್ಕೊಂದು ಸ್ಪೀಕರ್ ಕಟ್ಟಿದ ಪಾರ್ಕುಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮಂಡಿಯ ಆಪರೇಷನ್ ಆದ ಮೇಲೆ ಡಾಕ್ಟರು, "ಗಟ್ಟಿ ನೆಲದ ಮೇಲೆ ವಾಕಿಂಗ್ ಬೇಡಮ್ಮ, ಮಣ್ಣು ಸಿಕ್ಕಿದ್ರೆ ಮಣ್ಣಿನ ಮೇಲೆ ನಡೀರಿ" ಎಂದಿದ್ದರು. ಅವರು ಹೇಳಿದ್ದು ಸುಲಭ. ಬೆಂಗಳೂರಿನಲ್ಲಿ ಮಣ್ಣು ಎಲ್ಲಿದೆ ಎಂದು ಹುಡುಕಿಕೊಂಡು ಹೋದವಳಿಗೆ ಮನೆಯ ಹತ್ತಿರವೇ ಈ ತೋಪು ಸಿಕ್ಕಿತು.

ಮೊದಲ ದಿನವೇ, ಅರ್ಧ ಸುತ್ತು ಆಗಿರಬೇಕು, ನನ್ನ ಹೆಗಲ ಹಿಂದೆ ಯಾರೋ ಜೋರಾಗಿ ಉಸಿರು ಬಿಟ್ಟರು. ತಿರುಗಿ ನೋಡಿದರೆ ಒಂದು ಬಿಳಿ ಕುದುರೆಯ ಮೂಗು. ನಾನು ಕೂಗಿಕೊಂಡ ರೀತಿಗೆ ಮರದ ಮೇಲಿನ ಗಿಳಿಗಳೆಲ್ಲ ಹಾರಿಹೋದವು.

"ಎದ್ರಕಬ್ಯಾಡಿ ಮೇಡಂ, ಪಾಪುದ್ದು ಇದು. ನಿಮ್ಗಿಂತ ಇದ್ಕೇ ಗಾಬ್ರಿ ಆಗೈತೆ" ಎಂದಿತು ಮೇಲಿನಿಂದ ಒಂದು ಧ್ವನಿ.

ಐವತ್ತು ದಾಟಿದ ಹೆಂಗಸು. ಚೂಡಿದಾರದ ಮೇಲೆ ಗಂಡಸರ ಸ್ವೆಟರ್, ತುರುಬಿಗೆ ಕನಕಾಂಬರ, ಕಾಲಿಗೆ ಗಂಡುಹುಡುಗರ ಹಳೇ ಸ್ಪೋರ್ಟ್ಸ್ ಶೂ. ಒಂದು ಕೈಯಲ್ಲಿ ಲಗಾಮು, ಇನ್ನೊಂದು ಕೈ ಸುಮ್ಮನೆ ತೊಡೆಯ ಮೇಲೆ. ಬೆನ್ನು ಎಷ್ಟು ನೆಟ್ಟಗಿತ್ತೆಂದರೆ ನಾನು ಗೊತ್ತಿಲ್ಲದೆಯೇ ನನ್ನ ಬೆನ್ನನ್ನೂ ನೆಟ್ಟಗೆ ಮಾಡಿಕೊಂಡೆ. ಹೆದರಿಕೆ ಇಳಿಯುವ ಮೊದಲೇ ಮೆಚ್ಚುಗೆ ಹುಟ್ಟಿತು. ಆ ಮೆಚ್ಚುಗೆ ಇನ್ನೂ ಇಳಿದಿಲ್ಲ.

ತೋಪಿನಲ್ಲಿ ಎಲ್ಲರೂ ಅವರನ್ನು 'ಕುದ್ರೆ ಅಕ್ಕ' ಎನ್ನುತ್ತಾರೆ. ಹಳೇ ಊರಿನ ಮನೆತನ. ಅವರ ರಾಗಿ ಹೊಲ ಹೋಗಿ ಈಗ ಐಟಿ ಹುಡುಗರ ಪಿ.ಜಿ. ಕಟ್ಟಡವಾಗಿದೆ. ಕಟ್ಟಡದ ಹಿಂದೆ ಶೀಟು ಹೊದಿಸಿದ ಲಾಯ, ಅದರಲ್ಲಿ ಎರಡು ಕುದುರೆ: ವಯಸ್ಸಾದ ಬಿಳಿ ಹೆಣ್ಣು, ಅದರ ಜೊತೆಗೊಂದು ಕಂದು ಬಣ್ಣದ್ದು. ಅವರ ಅಪ್ಪ ಜಟಕಾ ಓಡಿಸುತ್ತಿದ್ದವರು. ಜಟಕಾ ನಿಂತರೂ ಆ ಮನೆಯಲ್ಲಿ ಕುದುರೆ ಸಾಕುವುದು ನಿಲ್ಲಲಿಲ್ಲ. ಬೆಳಗ್ಗೆ ತೋಪಿನ ದಾರಿಯಲ್ಲಿ ಅವು ನಡೆಯಬೇಕು, ಸ್ವಲ್ಪ ಓಡಬೇಕು. ಬಸ್ಸು ಬೈಕುಗಳ ರಸ್ತೆಯಲ್ಲಿ ಅದು ಆಗುವ ಮಾತಲ್ಲ. ಭಾನುವಾರ ಬಿಟಿಎಂ ಲೇಔಟಿನಿಂದ ಇಬ್ಬರು ಹುಡುಗಿಯರು ಸವಾರಿ ಕಲಿಯಲು ಬರುತ್ತಾರೆ. "ಮಂಡಿ ಒತ್ತು, ಲಗಾಮು ಎಳೀಬ್ಯಾಡ, ಅದು ನಿನ್ ಸ್ಕೂಟಿ ಅಲ್ಲ ಕಣಮ್ಮ" ಎಂದು ಕುದ್ರೆ ಅಕ್ಕ ಕೂಗುವುದು ಇಡೀ ತೋಪಿಗೆ ಕೇಳುತ್ತದೆ. ಅವರು ಲದ್ದಿಯನ್ನು ಬಿದ್ದಲ್ಲೇ ಬಿಡುವವರಲ್ಲ. ಬಕೆಟ್ಟು ಪೊರಕೆ ಸದಾ ಗೇಟಿನ ಬಳಿ ಇರುತ್ತದೆ. ಮೂಗು ಮುಚ್ಚಿಕೊಂಡು ನಡೆಯುವ ನಮ್ಮ ಜೆ.ಪಿ. ನಗರದ ಹೆಂಗಸರೇ ಆಮೇಲೆ ಪ್ಲಾಸ್ಟಿಕ್ ಕವರ್ ಹಿಡಿದು, "ಗುಲಾಬಿ ಕುಂಡಕ್ಕೆ ಒಂಚೂರು ಕೊಡಿ ಅಕ್ಕ" ಎಂದು ಸಾಲು ನಿಲ್ಲುತ್ತಾರೆ.

ಇಷ್ಟೆಲ್ಲ ಚೆನ್ನಾಗಿದ್ದ ಜಾಗದಲ್ಲಿ ಒಂದೇ ಒಂದು ತೊಂದರೆ ಇತ್ತು. ಅದು ನಮಗೆ ತೊಂದರೆ ಎಂದು ಗೊತ್ತಾದದ್ದು ಒಬ್ಬರು ಬಿದ್ದ ಮೇಲೆ.

ನಡುವೆ ದೇವರ ಕಟ್ಟೆ ಇದೆಯಲ್ಲ, ಹಾಗಾಗಿ ತೋಪಿನಲ್ಲಿ ವಾಕಿಂಗ್ ಬರುವವರೆಲ್ಲ ಬಲಸುತ್ತೇ ಹೋಗುತ್ತಾರೆ, ದೇವರು ಬಲಗೈ ಕಡೆಗೆ ಇರುವಂತೆ. ಯಾರೂ ಹೇಳಿಕೊಟ್ಟದ್ದಲ್ಲ. ದೇವರು ದಿಂಡರು ಎಂದರೆ ಮೂಗು ಮುರಿಯುವ ಹುಡುಗರೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬಲಕ್ಕೇ ಓಡುತ್ತಾರೆ. ಕುದುರೆಗಳೂ ಬಲಸುತ್ತೇ. ಎಲ್ಲರೂ ಒಂದೇ ದಿಕ್ಕಿಗೆ ಹೋದರೆ ಕುದುರೆ ಬರುವುದು ಯಾವಾಗಲೂ ಬೆನ್ನ ಹಿಂದಿನಿಂದ. ಮಣ್ಣಿನ ಮೇಲೆ ಗೊರಸಿನ ಸದ್ದು ಹೆಚ್ಚು ಕೇಳುವುದೂ ಇಲ್ಲ.

ಬಿದ್ದವರು ಮಫ್ಲರ್ ಸಾರ್. ಬೇಸಿಗೆಯಲ್ಲೂ ಕತ್ತಿಗೆ ಮಫ್ಲರ್ ಸುತ್ತಿಕೊಂಡು ಬರುವ ನಿವೃತ್ತ ಮೇಷ್ಟ್ರು. ಜಯನಗರದ ಹಳೇ ಮನೆ, ಸಂಧ್ಯಾವಂದನೆ ಬಿಟ್ಟವರಲ್ಲ, ಏಕಾದಶಿ ತಪ್ಪಿಸಿದವರಲ್ಲ. ಮಗಳ ಮನೆ ತೋಪಿನ ಪಕ್ಕ ಇರುವುದರಿಂದ ಈ ಕಡೆ ವಾಕಿಂಗು. ಅವತ್ತು ಮೊಬೈಲಿನಲ್ಲಿ ಸ್ತೋತ್ರ ಕೇಳುತ್ತ ನಡೆಯುತ್ತಿದ್ದರು. ಬಿಳಿ ಕುದುರೆ ಪಕ್ಕಕ್ಕೆ ಬಂದದ್ದೇ ತಡ, ಬೆಚ್ಚಿ ಹಾರಿ ಹುಣಸೆ ಬೇರಿಗೆ ಎಡವಿ ಬಿದ್ದರು. ಕಾಲು ಉಳುಕಿತು, ಮುಂಗೈ ಮೂಳೆ ಬಿರುಕು ಬಿಟ್ಟಿತು. ಕುದುರೆ ಅವರನ್ನು ಮುಟ್ಟಿಯೂ ಇರಲಿಲ್ಲ. ಕುದ್ರೆ ಅಕ್ಕ ಕೆಳಗೆ ಹಾರಿ, ನನ್ನ ಮತ್ತು ಅಲ್ಲೇ ಓಡುತ್ತಿದ್ದ ಹುಡುಗನೊಬ್ಬನ ಸಹಾಯ ತೆಗೆದುಕೊಂಡು, ಅವರನ್ನು ಅದೇ ಕುದುರೆಯ ಮೇಲೆ ಕೂರಿಸಿ, ಆಟೋ ಸಿಗುವ ಗೇಟಿನವರೆಗೆ ನಡೆಸಿಕೊಂಡು ಹೋದರು. ಮಫ್ಲರ್ ಸಾರ್ ಕಣ್ಣು ಮುಚ್ಚಿ, ನೋವಿಗೋ ಭಯಕ್ಕೋ, ಸ್ತೋತ್ರದ ಉಳಿದ ಭಾಗವನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಎಂಥ ಹೊತ್ತಿನಲ್ಲೂ ನನಗೆ ನಗು ಬರುತ್ತದೆ, ಅವತ್ತೂ ಬಂತು.

ನಗು ಬಹಳ ಹೊತ್ತು ಉಳಿಯಲಿಲ್ಲ. ಅವರು ದೂರು ಕೊಡಲಿಲ್ಲ, ಆದರೆ ವಾಕಿಂಗ್‌ನವರ ವಾಟ್ಸಾಪ್ ಗುಂಪಿನಲ್ಲಿ ಕೊಡುವವರಿಗೆ ಬರವೇ? "ಇವತ್ತು ಕೈ, ನಾಳೆ ತಲೆ" ಎಂದು ಒಬ್ಬರು. "ಪಾರ್ಕು ಮನುಷ್ಯರಿಗೋ ಪ್ರಾಣಿಗಳಿಗೋ" ಎಂದು ಇನ್ನೊಬ್ಬರು. ಸುದ್ದಿ ಪಾರ್ಕುಗಳನ್ನು ನೋಡಿಕೊಳ್ಳುವ ಇಂಜಿನಿಯರ್ ತನಕ ಹೋಯಿತು. ಒಂದು ಬೆಳಗ್ಗೆ ಅವರೇ ಬಂದು ಕಟ್ಟೆಯ ಬಳಿ ಎಲ್ಲರನ್ನೂ ಸೇರಿಸಿದರು.

ವಯಸ್ಸಿನ್ನೂ ಚಿಕ್ಕದು, ಮಾತು ನೇರ. ಅವರು ಹೇಳಿದ್ದು ಇಷ್ಟು. ಈ ತೋಪಿಗೂ ಟೈಲ್ಸ್ ಹಾಕುವ ಯೋಜನೆ ತಯಾರಿದೆ. ಕುದುರೆ ಬರುವ ರೂಢಿ ಇರುವುದರಿಂದ, ಲಾಳ ಹೊಡೆದ ಕಾಲು ಟೈಲ್ಸ್ ಮೇಲೆ ಜಾರುತ್ತದೆ ಎಂಬ ಕಾರಣಕ್ಕೆ, ಇಷ್ಟು ದಿನ ಅದನ್ನು ತಡೆಹಿಡಿದಿದ್ದಾರೆ. ಕುದುರೆ ನಿಂತರೆ ಆ ಕಾರಣವೂ ಇಲ್ಲ. ದಾರಿ ಅಗಲವಾಗುತ್ತದೆ, ಅಡ್ಡ ಬರುವ ಬೇರು ಕಡಿಯಬೇಕಾಗುತ್ತದೆ, ಅಂಚಿನ ಕೆಲವು ಮರ ಹೋಗುತ್ತವೆ.

ಆಗ ನನಗೆ ಅರ್ಥವಾಯಿತು. ತೋಪು ಹೇಗೆ ಉಳಿಯಿತು ಎಂದು ಆಶ್ಚರ್ಯಪಡುತ್ತಿದ್ದೆನಲ್ಲ, ಅದನ್ನು ಕಾಪಾಡಿಕೊಂಡು ಬಂದದ್ದು ಆ ಎರಡು ಕುದುರೆ. ಕುದುರೆ ಹೋದರೆ ಮಣ್ಣು ಹೋಗುತ್ತದೆ, ಮಣ್ಣಿನ ಹಿಂದೆ ಮರವೂ ಹೋಗುತ್ತದೆ. ಆ ದಾರಿ ಬಿಟ್ಟರೆ ನನ್ನ ಮಂಡಿಗೂ ಬೇರೆ ಗತಿಯಿಲ್ಲ.

"ಒಂದ್ ಕೆಲ್ಸ ಮಾಡಿ ಎಲ್ರೂ" ಎಂದರು ಇಂಜಿನಿಯರ್. "ರೋಡಲ್ಲಿ ನಡೆಯೋರು ಎದುರಿಗೆ ಬರೋ ಗಾಡಿ ನೋಡ್ಕೊಂಡು ನಡೀಬೇಕು ಅಂತಾರಲ್ವಾ? ಹಾಗೇ. ಕುದುರೆ ಒಂದ್ ಕಡೆಯಿಂದ, ನೀವು ಒಂದ್ ಕಡೆಯಿಂದ ಸುತ್ತಿ. ಎದುರಿಗೆ ಕಂಡ್ರೆ ಯಾರೂ ಬೆಚ್ಚಲ್ಲ. ಮುಂದಿನ್ ಸೋಮವಾರ ಬರ್ತೀನಿ. ಸರಿ ಹೋಗಿದ್ರೆ ಮಣ್ಣೇ ಇರ್ಲಿ ಅಂತ ಬರೀತೀನಿ. ಇಲ್ಲಾಂದ್ರೆ ಕುದುರೆ ಬಂದ್, ಟೈಲ್ಸ್ ಶುರು."

ಎಷ್ಟು ಸುಲಭದ ಮಾತು! ಬೇರೆ ಯಾವ ಊರಿನಲ್ಲಾದರೂ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಇಲ್ಲಿ ಮಾತ್ರ ಎಲ್ಲರೂ ಕಟ್ಟೆಯ ಕಡೆಗೆ ತಿರುಗಿ ನೋಡಿದರು. ಏಕೆಂದರೆ ನಾವೋ ಕುದುರೆಯೋ, ಒಬ್ಬರು ಎಡಸುತ್ತು ಹೋಗಬೇಕು. ದೇವರ ಕಟ್ಟೆಯನ್ನು ನಡುವೆ ಇಟ್ಟುಕೊಂಡು ಅಪ್ರದಕ್ಷಿಣೆ! ಅದು ನಮ್ಮಲ್ಲಿ ಚಿತೆಯ ಸುತ್ತ ಮಾತ್ರ.

ಕೈಗೆ ಪಟ್ಟಿ ಕಟ್ಟಿಕೊಂಡು ಕಟ್ಟೆಯ ಅಂಚಿನಲ್ಲಿ ಕೂತಿದ್ದ ಮಫ್ಲರ್ ಸಾರ್ ಮೆಲ್ಲಗೆ ಹೇಳಿದರು: "ಹಾಗೆ ಸುತ್ತೋದು ಒಂದೇ ಕಡೆ. ನಾನು ಹೋದ ವರ್ಷ ಸುತ್ತಿ ಬಂದಿದೀನಿ."

ಹೋದ ವರ್ಷ ಅವರ ಹೆಂಡತಿ ತೀರಿಕೊಂಡಿದ್ದರು. ಆ ಮಾತು ಕೇಳಿ ಒಬ್ಬೊಬ್ಬರೇ ಮನೆಯ ಕಡೆ ಸರಿದರು. ಇಂಜಿನಿಯರ್ ಕೂಡ ತಲೆ ತಗ್ಗಿಸಿ ಹೊರಟರು.

ನಾನು ಸುಮ್ಮನಿರುವ ಜಾತಿಯವಳಲ್ಲ. ಅವತ್ತು ಸಂಜೆಯೇ ಕುದ್ರೆ ಅಕ್ಕನ ಮನೆಗೆ ಹೋದೆ. ಲಾಯದಲ್ಲಿ ಬಿಳಿ ಕುದುರೆಗೆ ಬೇಯಿಸಿದ ಹುರುಳಿ ಇಡುತ್ತಿದ್ದರು. ಮನುಷ್ಯರು ಬಗ್ಗುವುದಿಲ್ಲ, ನೀವಾದರೂ ಕುದುರೆಯನ್ನು ಎಡಕ್ಕೆ ತಿರುಗಿಸಿ ಎಂದೆ.

ಅವರು ಹುರುಳಿಯ ಕೈಯನ್ನು ಸೆರಗಿಲ್ಲದ ಚೂಡಿದಾರಕ್ಕೇ ಒರೆಸಿಕೊಂಡರು. "ಆಗಾಕಿಲ್ಲ ಮೇಡಂ. ನಾನ್ ಚಿಕ್ಕೋಳಿದ್ದಾಗ ಜಟಕಾ ಕುದ್ರೆ ಒಟ್ಟೆನೋವು ಬಂದು ಮಲಿಕಂಬಿಡ್ತು. ಅದು ಸತ್ರೆ ನಮ್ಗೆ ಕೂಳಿಲ್ಲ. ಅಪ್ಪ ಕಟ್ಟೆ ಮುಂದೆ ಬಿದ್ದು ಹರಕೆ ಹೊತ್ಕಂಡ. ಸ್ವಾಮಿ, ಇದು ಎದ್ರೆ, ನಮ್ಮನೇಲಿ ಕುದ್ರೆ ಇರೋಗಂಟ ದಿನಾ ಬೆಳಗ್ಗೆ ನಿಂಗೆ ಬಲಸುತ್ತು ಬರ್ತದೆ ಅಂತ. ಎದ್ಬಿಡ್ತು. ಅವತ್ತಿಂದ ಒಂದಿನ ತಪ್ಪಿಸಿಲ್ಲ."

"ಹಾಗಾದರೆ ಸೋಮವಾರ ಏನು ಮಾಡುತ್ತೀರಿ?"

"ಕನಕಪುರ ರೋಡಲ್ಲಿ ನಮ್ ನೆಂಟ್ರ ತೋಟ ಐತೆ. ಅಲ್ಲಿಗ್ ಕಳ್ಸಿಬುಡ್ತೀನಿ. ಮನೇಲಿ ಕುದ್ರೆ ಇಲ್ದಿದ್ರೆ ಹರಕೇನೂ ಇಲ್ವಲ್ಲ. ಆದ್ರೆ ತಿರುಗ್ಸದು ಮಾತ್ರ ನನ್ ಕೈಲಾಗಲ್ಲ." ಅವರು ಕುದುರೆಯ ಹಣೆಯ ಮೇಲಿನ ಕೂದಲನ್ನು ಬೆರಳಿನಿಂದ ಬಿಡಿಸುತ್ತ ನಿಂತರು. ನನ್ನ ಕಡೆ ನೋಡಲಿಲ್ಲ. ಕುದುರೆ ಮೇಲೆ ಕೂತಾಗ ಅಷ್ಟು ನೆಟ್ಟಗಿರುವ ಆ ಬೆನ್ನು ಅವತ್ತು ಬಾಗಿತ್ತು.

ಮಾರನೆಯ ದಿನ ನಾನೊಬ್ಬಳೇ ಎಡಸುತ್ತು ಶುರು ಮಾಡಿದೆ. ನನ್ನ ಮುನೇಶ್ವರ ಅಷ್ಟು ಮುಂಗೋಪಿಯಲ್ಲ ಎಂದು ನನ್ನ ನಂಬಿಕೆ. ಕೋಪ ಬರುವುದಾದರೆ ಮೊದಲು ಬೇರು ಕಡಿಯುವವರ ಮೇಲೆ ಬರಲಿ. ಆದರೆ ಇಡೀ ತೋಪು ಎದುರಿಗೆ ಬರುವಾಗ ಒಬ್ಬಳೇ ಹೋಗುವುದಿದೆಯಲ್ಲ, ಅದು ಮದುವೆ ಊಟದ ಹಾಲ್‌ಗೆ ಕೈ ತೊಳೆಯುವ ಬಾಗಿಲಿನಿಂದ ನುಗ್ಗಿದ ಹಾಗೆ. ಎಲ್ಲರಿಗೂ ಡಿಕ್ಕಿ. "ಯಾಕ್ರೀ, ಮನೇಲಿ ಎಲ್ಲ ಚೆನ್ನಾಗಿದಾರೆ ತಾನೆ?" ಎಂದು ಒಬ್ಬಾಕೆ ನಿಜವಾಗಿ ಗಾಬರಿಯಿಂದ ಕೇಳಿದರು. ಇನ್ನೊಬ್ಬರು ನನ್ನ ನೆರಳು ತಾಕದಂತೆ ದೂರ ಸರಿದರು. ಭಾನುವಾರದ ಹೊತ್ತಿಗೂ ನನ್ನ ಹಿಂದೆ ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಬೈದುಕೊಂಡೇ ಮನೆಗೆ ಬಂದೆ, ಮನೆಯವರ ಮೇಲೆ ರೇಗಿದೆ, ಕಾಫಿಗೆ ಸಕ್ಕರೆ ಹಾಕುವುದನ್ನು ಮರೆತೆ.

ಸೋಮವಾರ ಬೆಳಗ್ಗೆ ತೋಪಿನಲ್ಲಿ ಜನ ಎಂದಿಗಿಂತ ಹೆಚ್ಚು. ಯಾರೂ ನಡೆಯುತ್ತಿಲ್ಲ, ಎಲ್ಲರೂ ಕಟ್ಟೆಯ ಸುತ್ತ ಗುಂಪುಗುಂಪಾಗಿ ನಿಂತಿದ್ದಾರೆ. ಕುದ್ರೆ ಅಕ್ಕ ಬಿಳಿ ಕುದುರೆಯ ಮೇಲೆ ಹರಕೆಯ ಸುತ್ತು ಹೊರಟಾಗಿತ್ತು. ಅದು ಕೊನೆಯ ಸುತ್ತು ಎಂದು ನನಗೊಬ್ಬಳಿಗೆ ಗೊತ್ತಿತ್ತು. ಇಂಜಿನಿಯರ್ ಇನ್ನೂ ಬಂದಿರಲಿಲ್ಲ.

ಮಫ್ಲರ್ ಸಾರ್ ಗೇಟಿನಿಂದ ಕುಂಟುತ್ತ ಬಂದರು. ಯಾರ ಜೊತೆಗೂ ಮಾತಾಡದೆ ನೇರ ಕಟ್ಟೆಗೆ ಹೋಗಿ, ಒಂದೇ ಕೈಯಲ್ಲಿ ಒದ್ದಾಡುತ್ತ ಶೂ ಬಿಚ್ಚಿಟ್ಟರು. ಮುನೇಶ್ವರನ ಕಲ್ಲಿಗೆ ಅಂಟಿಕೊಂಡಂತೆ, ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು, ಮೂರು ಬಲಸುತ್ತು ಬಂದರು. ನಿಂತು ಕಣ್ಣು ಮುಚ್ಚಿದರು. ಬಹಳ ಹೊತ್ತು ಮುಚ್ಚಿಕೊಂಡೇ ಇದ್ದರು. ಆಮೇಲೆ ಕೆಳಗಿಳಿದು ಶೂ ಹಾಕಿಕೊಳ್ಳಲು ಕೂತರು. ನಾನು ಹೋಗಿ ಲೇಸು ಕಟ್ಟಿದೆ.

"ದೇವರಿಗೆ ಸಲ್ಲಬೇಕಾದ್ದು ಸಲ್ತು" ಎಂದರು ಮೇಷ್ಟ್ರು, ಕ್ಲಾಸಿಗೆ ಹೇಳುವ ಧ್ವನಿಯಲ್ಲಿ, ಎಲ್ಲರಿಗೂ ಕೇಳುವಂತೆ. "ಇನ್ನು ಮೇಲೆ ನಾನು ಸುತ್ತೋದು ನನ್ನ ಶುಗರ್‌ಗೆ. ಶುಗರ್‌ಗೆ ಎಡ ಯಾವುದು, ಬಲ ಯಾವುದು?"

ಯಾರೋ ನಕ್ಕರು. ಅವರು ನಗಲಿಲ್ಲ. ದಾರಿಗೆ ಇಳಿದವರು ಒಂದು ಗಳಿಗೆ ನಿಂತರು, ಮಫ್ಲರ್ ತುದಿಯಿಂದ ಕಣ್ಣು ಒರೆಸಿಕೊಂಡರು, ಎಡಕ್ಕೆ ತಿರುಗಿ ನಡೆಯತೊಡಗಿದರು. ಅವರ ಹಿಂದೆ ನಾನು. ತಿರುಗಿ ನೋಡಿದರೆ ಕಟ್ಟೆಯ ಸುತ್ತ ನೂಕುನುಗ್ಗಲು. ಎಲ್ಲರಿಗೂ ಈಗ ಮೂರು ಸುತ್ತು ಬೇಗ ಮುಗಿಸಬೇಕು! ನನ್ನ ನೆರಳಿಗೆ ಹೆದರಿದ್ದವರೂ ಚಪ್ಪಲಿ ಬಿಚ್ಚಿ ಸಾಲಿನಲ್ಲಿದ್ದರು. ಒಬ್ಬೊಬ್ಬರಾಗಿ ಕಟ್ಟೆಯಿಂದ ಇಳಿದು ನಮ್ಮ ಹಿಂದೆ ಬಂದರು.

ಹುಣಸೆ ಮರದ ತಿರುವಿನಲ್ಲಿ ಕುದುರೆ ಎದುರಾಯಿತು. ಅಷ್ಟು ದೂರದಿಂದಲೇ ಕಾಣಿಸಿತು. ಎಲೆಗಳ ನಡುವಿನ ಬಿಸಿಲು ಅದರ ಹಣೆಯ ಮೇಲೆ ಬಿದ್ದಿತ್ತು. ಇಷ್ಟು ದಿನ ತೋಪಿನವರು ನೋಡಿದ್ದೆಲ್ಲ ದಾಟಿ ಹೋದ ಕುದುರೆಯ ಹಿಂಭಾಗ. ಮುಖ ಹೀಗಿದೆ ಎಂದು, ಅದರ ಕಣ್ಣಿಗೆ ಇಷ್ಟು ಉದ್ದದ ಬಿಳಿ ರೆಪ್ಪೆ ಇದೆ ಎಂದು, ಯಾರಿಗೂ ಗೊತ್ತಿರಲಿಲ್ಲ; ಒಬ್ಬಳೇ ಎದುರು ನಡೆದಾಗಲೂ ಡಿಕ್ಕಿ ತಪ್ಪಿಸುವ ಗಡಿಬಿಡಿಯಲ್ಲಿ ನಾನು ಗಮನಿಸಿರಲಿಲ್ಲ. ಮೇಲೆ ಕೂತಿದ್ದ ಕುದ್ರೆ ಅಕ್ಕ ನಮ್ಮನ್ನು ಕಂಡು ಲಗಾಮು ಎಳೆದು ನಿಂತರು. ಮುಂದೆ ಮಫ್ಲರ್ ಸಾರ್, ಹಿಂದೆ ಇಡೀ ತೋಪು. ಕುದುರೆಯ ಮೇಲಿಂದಲೇ ಎರಡು ಕೈ ಜೋಡಿಸಿದರು.

"ಬಿಳಿ ಕುದುರೆ ಏರಿ ನಿಮ್ಮ ಸ್ವಾಮೀನೇ ಬಂದ ಹಾಗಾಯ್ತಮ್ಮ" ಎಂದು ಮೇಷ್ಟ್ರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಇಂಜಿನಿಯರ್ ಬಂದಾಗ ಕಂಡದ್ದು ಅದೇ: ಒಂದು ಕಡೆಯಿಂದ ಕುದುರೆ, ಇನ್ನೊಂದು ಕಡೆಯಿಂದ ಮೆರವಣಿಗೆಯಂತೆ ನಾವು. ಅವರೂ ಬೂಟು ಬಿಚ್ಚಿ ಕಟ್ಟೆಗೆ ಮೂರು ಸುತ್ತು ಬಂದು, ನಮ್ಮ ಜೊತೆ ಒಂದು ಸುತ್ತು ನಡೆದರು. ಮಣ್ಣಿನ ದಾರಿ ಹಾಗೇ ಉಳಿಯಿತು. ಗೇಟಿನ ಬಳಿ ಈಗ ಹೊಸದೊಂದು ಫಲಕವಿದೆ, ನಡೆಯುವವರಿಗೆ ಒಂದು ಬಾಣ, ಕುದುರೆಗೆ ಒಂದು ಬಾಣ. ಹೊಸದಾಗಿ ಬಂದವರಿಗೆ ಅದನ್ನು ವಿವರಿಸುವ ಕೆಲಸವನ್ನು ನಾನು ಯಾರೂ ಕೇಳದಿದ್ದರೂ ವಹಿಸಿಕೊಂಡಿದ್ದೇನೆ. ಕಂದು ಕುದುರೆಯನ್ನು ಬಿಟಿಎಂ ಹುಡುಗಿಯರು ಈಗ ಓಡಿಸುವಷ್ಟು ಕಲಿತಿದ್ದಾರೆ. ಎದುರಿಗೆ ಬಂದಾಗ "ಆಂಟೀ, ಸೈಡ್" ಎಂದು ಕೂಗುತ್ತಾರೆ, ನಾನು ಆಂಟಿ ಎಂದದ್ದಕ್ಕೆ ಮುಖ ಸಿಂಡರಿಸಿಕೊಂಡು ಸರಿಯುತ್ತೇನೆ.

ಮಫ್ಲರ್ ಸಾರ್ ಅವರನ್ನು ಒಂದು ಪ್ರಶ್ನೆ ಕೇಳಬೇಕೆಂದು ಬಹಳ ದಿನ ನಾಲಿಗೆ ತುದಿಯಲ್ಲಿ ಇಟ್ಟುಕೊಂಡಿದ್ದೆ. ಕೈಯ ಪಟ್ಟಿ ಬಿಚ್ಚಿದ ಮೇಲೆ ಒಂದು ಬೆಳಗ್ಗೆ ಜೊತೆಯಲ್ಲಿ ನಡೆಯುವಾಗ ಕೇಳಿಯೇಬಿಟ್ಟೆ. "ಸಾರ್, ಹೀಗೆ ಎಡಕ್ಕೆ ಸುತ್ತುವಾಗ ನಿಮಗೆ ಆ ದಿನ ನೆನಪಾಗಲ್ವಾ?"

"ದಿನಾ ಆಗತ್ತೆ ಮೇಡಂ" ಎಂದರು. "ಆ ದಿನ ನಾನು ಸುತ್ತುವಾಗ ಎದುರಿಗೆ ಯಾರೂ ಬರ್ಲಿಲ್ಲ. ಇಲ್ಲಿ ಪ್ರತಿ ಸುತ್ತಿಗೂ ಒಬ್ಬರು ಬರ್ತಾರೆ."

ಅಷ್ಟರಲ್ಲಿ ಹುಣಸೆ ಮರದ ತಿರುವಿನಲ್ಲಿ ಬಿಳಿ ಕುದುರೆ ಕಾಣಿಸಿತು. ಅವರು ಮಫ್ಲರ್ ಸರಿಮಾಡಿಕೊಂಡು ದಾರಿಯ ಪಕ್ಕಕ್ಕೆ ಸರಿದು ನಿಂತರು.